ಕಾಗಿಣಾ ಸೀಮೆಯ ಹೊಲಪಾಲು: ಮಿತಾಕ್ಷರದಿಂದ ಪಹಣಿಯವರೆಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಪರಿಸರದ ರೈತಾಪಿ ಜನರ ಆಡುನುಡಿಯಲ್ಲಿ ಜಮೀನಿನ ವಿಭಾಗವನ್ನು ಸೂಚಿಸಲು ಪಾಲು, ಹಿಸ್ಸೆ, ವಾಟ್ನಿ ಎಂಬ ಪದಗಳು ಬಳಕೆಯಲ್ಲಿವೆ. ಪಾಲು ಕನ್ನಡದ್ದು, ಹಿಸ್ಸೆ ಅರಬ್ಬೀ ಮೂಲದಿಂದ ಉರ್ದುವಿನ ಮೂಲಕ ಕಂದಾಯ ದಫ್ತರವನ್ನು ಸೇರಿದ್ದು, ವಾಟ್ನಿ ಮರಾಠಿಯ ಸಂಪರ್ಕದಿಂದ ಬಂದದ್ದು. ಈ ಪ್ರದೇಶದ ಆಡಳಿತ ಚರಿತ್ರೆಯ ಪದರುಗಳು ಈ ಪದಗಳಲ್ಲಿಯೇ ಅಡಗಿವೆ.

ಪಾಲಿನ ಶಾಸ್ತ್ರಕ್ಕೂ ಈ ನೆಲಕ್ಕೂ ಹಳೆಯ ನಂಟಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಶಹಾಬಾದ ಸಮೀಪದ ಮರತೂರು ಆತನ ಊರೆಂಬುದು ಸ್ಥಳೀಯ ಪರಂಪರೆಯ ನಂಬಿಕೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬ ಆತನ ಸಿದ್ಧಾಂತವು ಬಂಗಾಳವನ್ನುಳಿದು ಭಾರತದ ಬಹುಭಾಗದಲ್ಲಿ ಮಾನ್ಯವಾಯಿತು. 1810ರಲ್ಲಿ ಕೋಲ್‌ಬ್ರೂಕನು ಇದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಅದು ಬ್ರಿಟಿಷ್ ನ್ಯಾಯಾಲಯಗಳ ಆಧಾರಗ್ರಂಥವೂ ಆಯಿತು. ಆಗಿಹೋದ ವಿಭಾಗವನ್ನು ಪಾಲುದಾರನೊಬ್ಬನು ಅಲ್ಲಗಳೆದರೆ ಅದನ್ನು ಸಿದ್ಧಪಡಿಸುವ ಬಗೆಯನ್ನೂ ಸ್ಮೃತಿ ಹೇಳುತ್ತದೆ. ಜ್ಞಾತಿಗಳು, ಬಂಧುಗಳು, ಸಾಕ್ಷಿಗಳು, ಲಿಖಿತ ಪತ್ರ, ಬೇರೆಬೇರೆಯಾದ ಮನೆ-ಹೊಲಗಳು ಇವೇ ಆ ಪ್ರಮಾಣಗಳು.

ನಿಜಾಮರ ಕಾಲದಲ್ಲಿ ಈ ಪ್ರಮಾಣಗಳೊಡನೆ ಸರಕಾರಿ ದಾಖಲೆಯೂ ಸೇರಿಕೊಂಡಿತು. 1317 ಫಸಲಿಯ (1907-08) ಹೈದರಾಬಾದ್ ಭೂಕಂದಾಯ ಕಾಯಿದೆಯು ಕಂದಾಯಕ್ಕೆ ಹೊಣೆಯಾದವನನ್ನು ಪಟ್ಟೇದಾರನೆಂದೂ, ಅವನಂತೆಯೇ ಹಕ್ಕುಳ್ಳ ಅಥವಾ ಮೊದಲಿನಿಂದ ಅವನೊಡನೆ ಜಂಟಿ ಸ್ವಾಧೀನದಲ್ಲಿರುವವನನ್ನು ಶಿಕ್ಮಿದಾರನೆಂದೂ ಗುರುತಿಸಿತು. ಒಬ್ಬನ ಹೆಸರಿನ ಪಟ್ಟೆಯ ಹಿಂದೆ ಹಲವರ ಹಕ್ಕು ನಿಂತಿರಬಹುದೆಂಬುದನ್ನು ಕಾಯಿದೆಯೇ ಒಪ್ಪಿಕೊಂಡಂತಾಯಿತು. ಅಣ್ಣನ ಹೆಸರು ದಫ್ತರದಲ್ಲಿ, ತಮ್ಮಂದಿರ ಉಳುಮೆ ಹೊಲದಲ್ಲಿ ಎಂಬ ಸ್ಥಿತಿಯು ಮುಂದಿನ ತಲೆಮಾರಿನ ವ್ಯಾಜ್ಯಗಳಿಗೆ ಬೀಜವಾಯಿತು. 1956ರಲ್ಲಿ ಈ ಭಾಗವು ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. 1964ರ ಭೂಕಂದಾಯ ಅಧಿನಿಯಮವು ಹಳೆಯ ಕಾಯಿದೆಯ ಸ್ಥಾನವನ್ನು ಪಡೆಯಿತು.

ಪ್ರಸ್ತುತ ಪಾಲಿಗೆ ಎರಡು ದಾರಿಗಳಿವೆ. ಪಾಲುದಾರರೆಲ್ಲರೂ ಒಪ್ಪಿದಲ್ಲಿ ಭೂಮಾಪಕನಿಂದ ನಕ್ಷೆ ಪಡೆದು, ವಿಭಾಗಪತ್ರವನ್ನು ನೋಂದಾಯಿಸಿ, ಮ್ಯುಟೇಶನ್ ಮೂಲಕ ಪಹಣಿಯಲ್ಲಿ ಹೆಸರುಗಳನ್ನು ಬೇರ್ಪಡಿಸಬಹುದು. ಒಪ್ಪದಿದ್ದಲ್ಲಿ ಸಿವಿಲ್ ದಾವೆಯೇ ಗತಿ. ನ್ಯಾಯಾಲಯವು ಪ್ರಾಥಮಿಕ ಡಿಕ್ರಿಯಲ್ಲಿ ಯಾರಿಗೆಷ್ಟು ಅಂಶವೆಂದು ಘೋಷಿಸುತ್ತದೆ. ಆದರೆ ಕಂದಾಯಕ್ಕೊಳಪಟ್ಟ ಜಮೀನನ್ನು ನೆಲದ ಮೇಲೆ ವಿಭಜಿಸುವ ಕಾರ್ಯವನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂಲ 54ನೆಯ ಕಲಮು ಜಿಲ್ಲಾಧಿಕಾರಿಗೆ ಅಥವಾ ಅವರು ನಿಯೋಜಿಸಿದ ಅಧೀನ ಗೆಜೆಟೆಡ್ ಅಧಿಕಾರಿಗೆ ವಹಿಸಿತ್ತು. ಅಂಶದ ಲೆಕ್ಕ ಸುಲಭ. ಎರೆ ಹೊಲ, ಮಡ್ಡಿ ಹೊಲ, ಬಾವಿ, ಬಂಡಿದಾರಿಗಳನ್ನು ಸರಿದೂಗಿಸುವುದು ಕಠಿಣ. ಶಹಾಬಾದಿ ಕಲ್ಲು ಹಾಗೂ ಸಿಮೆಂಟಿನ ಸುಣ್ಣಕಲ್ಲು ದೊರೆಯುವ ಈ ಸೀಮೆಯಲ್ಲಿ ಫಲವತ್ತಲ್ಲದ ನೆಲಕ್ಕೂ ಬೆಲೆ ಬರಬಹುದಾದ್ದರಿಂದ ಸರಿದೂಗಿಸುವ ಕೆಲಸ ಮತ್ತಷ್ಟು ಜಟಿಲವಾಗುತ್ತದೆ.

ಪಂಚರ ಸಮಕ್ಷಮ ಬಾಯಿಮಾತಿನಲ್ಲಿ ನಡೆಯುವ ವಾಟ್ನಿಯ ಸ್ಥಾನಮಾನ ಇಲ್ಲಿ ವಿಚಾರಾರ್ಹ. ಕರ್ನಾಟಕದ ತಿದ್ದುಪಡಿಯು 1994ರ ಜುಲೈ 30ರಿಂದ, ಅದಕ್ಕೂ ಮೊದಲು ವಿವಾಹವಾದವರನ್ನು ಹೊರತುಪಡಿಸಿ, ಹೆಣ್ಣುಮಕ್ಕಳಿಗೆ ಸಮಪಾಲು ನೀಡಿತು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೊಡೆಯಿತು. ಜೊತೆಗೆ, 2004ರ ಡಿಸೆಂಬರ್ 20ಕ್ಕೆ ಮೊದಲೇ ವಿಭಾಗವಾಗಿದೆಯೆಂದು ವಾದಿಸುವವರಿಂದ ನೋಂದಾಯಿತ ಪತ್ರ ಅಥವಾ ಡಿಕ್ರಿಯನ್ನು ಕೇಳಿತು. 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಾರ್ವಜನಿಕ ದಾಖಲೆಗಳ ಬೆಂಬಲವುಳ್ಳ ಮೌಖಿಕ ವಿಭಾಗವನ್ನು ವಿರಳ ಸಂದರ್ಭಗಳಲ್ಲಿ ಮಾತ್ರ ಒಪ್ಪಬಹುದೆಂದೂ, ಕೇವಲ ಬಾಯಿಸಾಕ್ಷ್ಯವನ್ನು ತಿರಸ್ಕರಿಸಬೇಕೆಂದೂ ಹೇಳಿತು.

ಇದರಿಂದ ಪಂಚರ ಮಾತಿಗಿದ್ದ ಕಾನೂನಿನ ತೂಕ ಕುಗ್ಗಿದುದು ನಿಜ. ಆದರೆ ಆ ಪಂಚಾಯಿತಿಗಳಲ್ಲಿ ಪಾಲು ಕೇಳುವವರ ಸಾಲಿನಲ್ಲಿ ಮನೆಮಗಳಿಗೆ ಸ್ಥಾನವಿರುತ್ತಿರಲಿಲ್ಲ ಎಂಬುದನ್ನೂ ಮರೆಯಲಾಗದು. ಹುಟ್ಟಿನಿಂದ ಹಕ್ಕೆಂಬ ಮಿತಾಕ್ಷರದ ಸೂತ್ರವು ಮಗಳಿಗೂ ಅನ್ವಯವಾಗಲು ಸುಮಾರು 9 ಶತಮಾನಗಳು ಬೇಕಾದವು. ಆ ಹಕ್ಕು ಪಹಣಿಯ ಅಂಕಣದಿಂದ ಹೊಲದ ಬಾಂದಗಲ್ಲಿನವರೆಗೆ ತಲುಪಿದಾಗಲೇ ವಿಭಾಗವು ಪೂರ್ಣವಾದಂತೆ.