ಮಂಡೂಕದ ನೆಲೆಯೂ ವಿಶೇಷಣದ ನ್ಯಾಯವೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 2018ನೆಯ ಇಸವಿಯಲ್ಲಿ ಒಂದು ಕಪ್ಪೆಯ ವ್ಯಾಜ್ಯವನ್ನು ವಿಚಾರಿಸಿತು. ಕಪ್ಪೆಯು ಸುಮಾರು ಮೂರಂಗುಲದ್ದು. ಅದರ ನಿಮಿತ್ತವಾಗಿ ಎದ್ದ ಪ್ರಶ್ನೆಯಾದರೋ ಕಿರಿದಲ್ಲ. ಅಳಿಯುತ್ತಿರುವ ಜೀವಜಾತಿಯನ್ನು ಕಾಯಹೊರಟ ಶಾಸನವು ಅದು ಈಗಿರುವ ಸ್ಥಳವನ್ನು ಮಾತ್ರ ಕಾಯಬೇಕೋ, ಮುಂದೆ ಅದು ಬಾಳಬಹುದಾದ ಸ್ಥಳವನ್ನೂ ಕಾಯಬೇಕೋ ಎಂಬುದೇ ಆ ಪ್ರಶ್ನೆ.

ಡಸ್ಕಿ ಗೋಫರ್ ಎಂಬ ಈ ಮಂಡೂಕದ ತೌರು ಲೂಯಿಸಿಯಾನ, ಮಿಸಿಸಿಪ್ಪಿ, ಅಲಬಾಮ ಸಂಸ್ಥಾನಗಳ ಕರಾವಳಿಯ ನೀಳೆಲೆಯ ಪೈನ್ ಕಾಡು. ನೆಲದ ಬಿಲಗಳಲ್ಲಿಯೂ ಮರದ ಬೊಡ್ಡೆಗಳ ಪೊಳ್ಳುಗಳಲ್ಲಿಯೂ ಅಡಗಿರುವ ಇದು ಮೊಟ್ಟೆಯಿಡುವುದಕ್ಕೆ ಮಾತ್ರ ಮಳೆನೀರಿನ ಕೊಳಗಳಿಗೆ ಬರುತ್ತದೆ. ಆ ಕೊಳಗಳು ಆಗಾಗ ಬತ್ತುವುದರಿಂದ ಅವುಗಳಲ್ಲಿ ಮೀನುಗಳು ನಿಲ್ಲಲಾರವು. ಮೊಟ್ಟೆಮರಿಗಳು ಉಳಿಯುವುದು ಅದರಿಂದಲೇ. ಕಾಲಕಾಲಕ್ಕೆ ಹಬ್ಬುವ ಕಾಳ್ಗಿಚ್ಚು ಪೊದೆಗಳನ್ನು ಸುಟ್ಟು, ಬಿಸಿಲು ನೆಲಕ್ಕೆ ಬೀಳುವಂತೆ ಮಾಡುತ್ತದೆ. ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಹಬ್ಬಿದ್ದ ಆ ಜಾತಿಯ ಕಾಡನ್ನು ಜನರು ಕಡಿದರು, ನಾಟಾಕ್ಕಾಗಿ ಒತ್ತಾದ ತೋಪುಗಳನ್ನು ಬೆಳೆಸಿದರು, ಕಿಚ್ಚನ್ನು ತಡೆದರು. ಲೂಯಿಸಿಯಾನದಲ್ಲಿ ಈ ಕಪ್ಪೆಯು ಕಡೆಯದಾಗಿ ಕಂಡುದು 1965ರಲ್ಲಿ. 1973ರ ಶಾಸನದ ಮೇರೆಗೆ 2001ರಲ್ಲಿ ಇದನ್ನು ಅಪಾಯಗ್ರಸ್ತ ಜೀವಿಗಳ ಪಟ್ಟಿಗೆ ಸೇರಿಸುವ ವೇಳೆಗೆ, ಮಿಸಿಸಿಪ್ಪಿಯ ಒಂದೇ ಕೊಳದಲ್ಲಿ ಸುಮಾರು 100 ಬೆಳೆದ ಕಪ್ಪೆಗಳು ಉಳಿದಿದ್ದುವು.

ಒಂದೇ ಕೊಳವನ್ನು ನಂಬಿದ ಸಂತತಿಗೆ ಒಂದು ಕ್ಷಾಮ ಅಥವಾ ಒಂದು ರೋಗವೇ ಸಾಕು. ಆದುದರಿಂದ ಸರಕಾರವು 2012ರಲ್ಲಿ 6,477 ಎಕರೆಗಳನ್ನು ಅದರ ‘ನಿರ್ಣಾಯಕ ನೆಲೆ’ಯೆಂದು ಗೊತ್ತುಮಾಡಿತು. ಇವುಗಳಲ್ಲಿ 1,544 ಎಕರೆ ಲೂಯಿಸಿಯಾನದ ಖಾಸಗಿ ಭೂಮಿ. ಅಲ್ಲಿ ಕಪ್ಪೆಯಿರಲಿಲ್ಲ, ಆದರೆ ಒಂದಕ್ಕೊಂದು ಸಮೀಪದಲ್ಲಿ ಐದು ಉತ್ತಮ ಕೊಳಗಳಿದ್ದುವು. ಭೂಮಾಲಿಕರೂ ವೇಯರ್‌ಹೌಸರ್ ಎಂಬ ನಾಟಾ ಸಂಸ್ಥೆಯೂ ದಾವೆ ಹೂಡಿದರು. ಅವರ ಅಳಲು ಹಗುರವಾದುದಲ್ಲ: 20 ವರ್ಷಗಳಲ್ಲಿ ಆಗಬಹುದಾದ ನಷ್ಟವು 3.39 ಕೋಟಿ ಡಾಲರುಗಳವರೆಗೆ ಮುಟ್ಟಬಹುದೆಂದು ಸರಕಾರವೇ ಲೆಕ್ಕ ಹಾಕಿತ್ತು. ಕೆಳಗಿನ ಎರಡು ನ್ಯಾಯಾಲಯಗಳೂ ಸರಕಾರದ ಪಕ್ಷವನ್ನೇ ಎತ್ತಿಹಿಡಿದುವು.

2018ರ ನವೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯದ ಎಂಟು ಮಂದಿ ನ್ಯಾಯಾಧೀಶರು ಏಕಮತದಿಂದ ತೀರ್ಪನ್ನಿತ್ತರು. ಮುಖ್ಯ ನ್ಯಾಯಾಧೀಶ ಜಾನ್ ರಾಬರ್ಟ್ಸರು ಹಿಡಿದುದು ವ್ಯಾಕರಣದ ದಾರಿಯನ್ನು: ವಿಶೇಷಣವು ವಿಶೇಷ್ಯದ ವ್ಯಾಪ್ತಿಯನ್ನು ಕಿರಿದುಗೊಳಿಸುವುದೇ ಹೊರತು ಹೊಸ ವಸ್ತುವನ್ನು ತಂದೊಡ್ಡುವುದಿಲ್ಲ, ‘ನಿರ್ಣಾಯಕ ನೆಲೆ’ಯು ಮೊದಲು ‘ನೆಲೆ’ಯಾಗಿರಬೇಕು. ನಮ್ಮ ಕರ್ಮಧಾರಯವೂ ಇದನ್ನೇ ಹೇಳುತ್ತದೆ: ಉತ್ಪಲವಲ್ಲದುದು ನೀಲೋತ್ಪಲವಾಗದು. ಆದರೆ ಮರಗಳನ್ನು ಬದಲಿಸಿದ ಮೇಲೆ ಮಾತ್ರ ಕಪ್ಪೆಯು ಬಾಳಬಹುದಾದ ಭೂಮಿಯು ‘ನೆಲೆ’ಯೇ ಅಲ್ಲವೇ ಎಂಬುದನ್ನು ನ್ಯಾಯಾಲಯವು ತೀರ್ಮಾನಿಸಲಿಲ್ಲ, ವ್ಯಾಜ್ಯವನ್ನು ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿಸಿತು. 2019ರ ರಾಜಿಯಲ್ಲಿ ಆ 1,544 ಎಕರೆಗಳು ಕಪ್ಪೆಯ ನೆಲೆಯ ಲೆಕ್ಕದಿಂದ ಬಿಟ್ಟುಹೋದುವು.

ಸೂತ್ರವು ನಿರ್ದುಷ್ಟವೇ, ಅದರ ಪ್ರಯೋಗವೇ ಚಿಂತ್ಯ. ಕಾಡು ಕೆಟ್ಟುದರಿಂದಲೇ ಕಪ್ಪೆಯು ಅಳಿವಿನ ಅಂಚಿಗೆ ಬಂದಿತು. ಕೆಟ್ಟ ಕಾಡನ್ನು ಕೆಟ್ಟಿದೆಯೆಂಬ ಕಾರಣದಿಂದಲೇ ರಕ್ಷಣೆಯಿಂದ ಹೊರಗಿಟ್ಟರೆ, ಹಾನಿಯೇ ಹಾನಿಗೆ ಸಮರ್ಥನೆಯಾದೀತು. ಅಪಾಯಗ್ರಸ್ತವೆಂಬ ಪಟ್ಟಿಯಲ್ಲಿ ಆ ಕಪ್ಪೆಯ ಹೆಸರು ಅಳಿಯಲಿಲ್ಲ. ಮೃಗಾಲಯಗಳಲ್ಲಿ ಬೆಳೆಸಿದ ಮರಿಗಳನ್ನು ಮಿಸಿಸಿಪ್ಪಿಯ ಕೊಳಗಳಿಗೆ ಬಿಟ್ಟಿರುವುದೂ ಉಂಟು. ಭಯಗೊಂಡಾಗ ಮುಂಗೈಗಳಿಂದ ಕಣ್ಣು ಮುಚ್ಚಿಕೊಳ್ಳುವುದು ಈ ಮಂಡೂಕದ ಸ್ವಭಾವ. ಕಾಯುವ ಹೊಣೆಯನ್ನು ಹೊತ್ತವರಿಗೆ ಆ ಸ್ವಾತಂತ್ರ್ಯವಿಲ್ಲ.