ಎಣಿಸುವ ಬೆರಳು, ಎಣಿಸುವ ಬೆಳಕು

ಅಥಣಿ ಕಡೆಯ ನಮ್ಮ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ ಅಪ್ಪನ ಕೈಯಲ್ಲಿ ನನ್ನ ಸ್ಮಾರ್ಟ್‌ವಾಚು 170 ತೋರಿಸಿತು. ನನಗೆ ಗಾಬರಿ. ‘ಎದಿ ಬರೋಬರಿ ಐತಿ ತಮ್ಮಾ, ನಿನ್ನ ಗಡಿಯಾರ ಕೆಟ್ಟೈತಿ’ ಅಂದ. ಕೂಡಲೇ ನಾಡಿ ಹಿಡಿದು ಎಣಿಸಿದೆ: 104.

ನಾಡಿ ಎಣಿಸಲೆಂದೇ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಒಂದೇ ನಿಮಿಷ ಓಡುವ ಗಡಿಯಾರ ಮಾಡಿಸಿದ್ದ. 1707ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಆದರೂ ಎಣಿಸುತ್ತಿದ್ದುದು ಬೆರಳೇ. 1930ರ ದಶಕದಲ್ಲಿ ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ ಚರ್ಮದೊಳಗಿನ ರಕ್ತದ ಏರಿಳಿತವನ್ನು ಬೆಳಕಿನಿಂದ ಅಳೆದ. ವಾಚಿನ ಹಸಿರು ದೀಪದ್ದೂ ಅದೇ ವಿದ್ಯೆ: ರಕ್ತ ಹಸಿರು ಬೆಳಕನ್ನು ಹೀರುತ್ತದೆ, ಬಡಿತಕ್ಕೊಮ್ಮೆ ಮರಳುವ ಬೆಳಕು ತಗ್ಗುತ್ತದೆ. ಕುಡಗೋಲು ಬೀಸುವ ಕೈಯಲ್ಲಿ ವಾಚು ಅಲುಗಾಡಿದರೆ ಲೆಕ್ಕ ತಪ್ಪುತ್ತದೆ. ಸುಮ್ಮನೆ ಕೂತಾಗ ಮಾತ್ರ ಅದರ ಲೆಕ್ಕ ನನ್ನ ಬೆರಳಿಗೆ ಹತ್ತಿರವೇ ಬಂತು.

ಈಗ ಅಪ್ಪ ಮಲಗುವಾಗ ಕಟ್ಟಿಕೊಳ್ಳುತ್ತಾನೆ. ಹೊಲಕ್ಕೆ ಹೊರಟರೆ ಬಿಚ್ಚಿ ಗೂಟಕ್ಕೆ ಹಾಕ್ತಾನೆ.