ವರ್ಜೀನಿಯಾದ ಬರ್ಡ್ ಕುಟುಂಬದ ಪತ್ರವ್ಯವಹಾರ

ಉತ್ತರ ಅಮೆರಿಕದಲ್ಲಿ ಇಂಗ್ಲೆಂಡಿನ ವಸಾಹತಾಗಿದ್ದ ವರ್ಜೀನಿಯಾದ ಬರ್ಡ್ ಮನೆತನದವರು ಮೂರು ತಲೆಮಾರುಗಳ ಕಾಲ ಲಂಡನ್ನಿನ ವರ್ತಕರು, ನೆಂಟರು, ಅಧಿಕಾರಿಗಳು ಮತ್ತು ಶ್ರೀಮಂತ ಗೆಳೆಯರೊಡನೆ ನಡೆಸಿದ ಪತ್ರವ್ಯವಹಾರವಿದು. ತಂದೆ, ಮಗ, ಮೊಮ್ಮಗ ಮೂವರ ಹೆಸರೂ ವಿಲಿಯಂ ಬರ್ಡ್ ಎಂದೇ ಇರುವುದರಿಂದ ಇತಿಹಾಸಕಾರರು ಅವರನ್ನು ಒಂದನೇ, ಎರಡನೇ, ಮೂರನೇ ಬರ್ಡ್ ಎಂದು ಗುರುತಿಸುತ್ತಾರೆ. 1684ರಿಂದ 1776ರವರೆಗಿನ ಪತ್ರಗಳನ್ನು ಮರಿಯನ್ ಟಿನ್ಲಿಂಗ್ ಸಂಪಾದಿಸಿದರು. ಅವು 1977ರಲ್ಲಿ ಎರಡು ಸಂಪುಟಗಳಾಗಿ ಹೊರಬಂದವು. ಈ ಕುಟುಂಬದ ಜಮೀನು ಜೇಮ್ಸ್ ನದಿಯ ದಂಡೆಯಲ್ಲಿತ್ತು. ಬೆಳೆಯ ದರ, ಸಾಲದ ಬಡ್ಡಿ, ಸರ್ಕಾರಿ ಹುದ್ದೆ ಮಾತ್ರ ಅಟ್ಲಾಂಟಿಕ್ ಸಾಗರದ ಆಚೆ ತೀರ್ಮಾನವಾಗುತ್ತಿದ್ದವು. ಹಾಗಾಗಿ ಪತ್ರ ಬರೆಯುವುದೆಂದರೆ ಅವರಿಗೆ ಆಸ್ತಿ ನಡೆಸುವುದೆಂದೇ ಅರ್ಥ. ಆ ಆಸ್ತಿ ಎಷ್ಟು ಬೆಳೆದರೂ ಸಾಲ ಅದರ ಬೆನ್ನು ಬಿಡಲಿಲ್ಲ.

ಒಂದನೇ ಬರ್ಡ್ ಹುಟ್ಟಿದ್ದು 1652ರಲ್ಲಿ, ಲಂಡನ್ನಿನ ಅಕ್ಕಸಾಲಿಗನೊಬ್ಬನ ಮಗನಾಗಿ. ವರ್ಜೀನಿಯಾದಲ್ಲಿದ್ದ ಸೋದರಮಾವ ಥಾಮಸ್ ಸ್ಟೆಗ್‌ನ ಆಸ್ತಿ 1671ರಲ್ಲಿ ಅವನ ಕೈಸೇರಿತು. ಅದು ಜೇಮ್ಸ್ ನದಿ ಬಂಡೆಗಳ ಮೇಲೆ ಧುಮುಕುವ ಜಾಗ, ಇಂದಿನ ರಿಚ್ಮಂಡ್ ನಗರವಿರುವ ಸ್ಥಳ. ಸಮುದ್ರದ ಹಡಗುಗಳು ಅಲ್ಲಿಂದ ಮೇಲಕ್ಕೆ ಹೋಗಲಾರವು. ಮೂಲನಿವಾಸಿಗಳ ಊರುಗಳತ್ತ ಹೋಗುವ ವ್ಯಾಪಾರದ ಹಾದಿಗೆ ಅದೇ ಬಾಗಿಲು. ಬರ್ಡ್ ಕುದುರೆಗಳ ಮೇಲೆ ಬಟ್ಟೆ, ಬಂದೂಕು, ಕೊಡಲಿ, ಮಣಿಸರ, ರಮ್ ಹೇರಿ ಒಳನಾಡಿಗೆ ಕಳಿಸುತ್ತಿದ್ದ. ಬದಲಿಗೆ ಜಿಂಕೆಯ ಚರ್ಮ, ಬೀವರ್ ತುಪ್ಪಳ ಬರುತ್ತಿದ್ದವು. ಲಂಡನ್ನಿನ ಪೆರಿ ಮತ್ತು ಲೇನ್ ಎಂಬ ವರ್ತಕ ಸಂಸ್ಥೆಗೆ ಅವನು ಬರೆದ ಪತ್ರಗಳಲ್ಲಿ ಈ ವ್ಯಾಪಾರದ ಕಸುಬುದಾರಿಕೆ ಕಣ್ಣಿಗೆ ಕಟ್ಟುತ್ತದೆ. ಡಫೆಲ್ ಎಂಬ ಒರಟು ಉಣ್ಣೆಬಟ್ಟೆ ಗಾಢ ನೀಲಿಯದೇ ಆಗಿರಬೇಕು ಎಂದು ಅವನು ಒತ್ತಿ ಬರೆಯುತ್ತಾನೆ. ಕಾಡಿನಾಚೆಯ ಗಿರಾಕಿಗಳು ಬಣ್ಣ ನೋಡಿ ಕೊಳ್ಳುವ ಜಾಣರು, ಸಿಕ್ಕಿದ್ದನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವವರಲ್ಲ ಎಂಬುದು ಈ ಒಂದು ಮಾತಿನಿಂದಲೇ ತಿಳಿಯುತ್ತದೆ.

ವರ್ಜೀನಿಯಾದ ಮುಖ್ಯ ಬೆಳೆ ಹೊಗೆಸೊಪ್ಪು. ಇಂಗ್ಲೆಂಡಿನ ನೌಕಾಯಾನ ಕಾಯಿದೆಗಳ ಪ್ರಕಾರ ಅದು ಮೊದಲು ಇಂಗ್ಲೆಂಡಿಗೇ ಹೋಗಬೇಕಿತ್ತು. ದೊಡ್ಡ ಜಮೀನುದಾರರು ಸೊಪ್ಪನ್ನು ಮರದ ಪೀಪಾಯಿಗಳಲ್ಲಿ ಅದುಮಿ ತುಂಬಿ, ತಮ್ಮ ಹೆಸರಿನಲ್ಲೇ ಲಂಡನ್ನಿನ ವರ್ತಕನಿಗೆ ಕಳಿಸುತ್ತಿದ್ದರು. ಅವನು ಅದನ್ನು ಮಾರಿ, ಸುಂಕ, ಹಡಗಿನ ಬಾಡಿಗೆ, ಕಮಿಷನ್ ಕಳೆದು, ಉಳಿದದ್ದನ್ನು ಲೆಕ್ಕಕ್ಕೆ ಜಮೆ ಮಾಡುತ್ತಿದ್ದ. ಜಮೀನುದಾರ ಬೇಡಿದ ಬಟ್ಟೆ, ಪೀಠೋಪಕರಣ, ಪುಸ್ತಕ, ವೈನ್ ಕೊಂಡು ಕಳಿಸುವವನೂ ಅವನೇ. ಲೆಕ್ಕದಲ್ಲಿ ಹಣ ಸಾಲದಿದ್ದರೆ ಸಾಲ ಕೊಡುವವನೂ ಅವನೇ. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರ ಮತ್ತು ಮಂಡಿ ಸಾಹುಕಾರರ ಸಂಬಂಧ ಬಲ್ಲವರಿಗೆ ಈ ಏರ್ಪಾಟನ್ನು ಹೆಚ್ಚು ವಿವರಿಸಬೇಕಿಲ್ಲ. ನಡುವೆ ಒಂದು ಮಹಾಸಾಗರವಿತ್ತು ಎಂಬುದನ್ನು ಸೇರಿಸಿದರೆ ಸಾಕು. ಪತ್ರ ತಲುಪಲು ಎರಡು ತಿಂಗಳು, ಗಾಳಿ ಕೈಕೊಟ್ಟರೆ ಇನ್ನೂ ಹೆಚ್ಚು ಹಿಡಿಯುತ್ತಿತ್ತು. ಯುದ್ಧಕಾಲದಲ್ಲಿ ಫ್ರೆಂಚರು ಹಡಗು ಹಿಡಿಯುವ ಭಯ ಬೇರೆ. ಆದ್ದರಿಂದ ಒಂದೇ ಪತ್ರದ ಎರಡು ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಕಳಿಸುವುದು, ಮನೆಯಲ್ಲಿ ಒಂದು ನಕಲು ಪುಸ್ತಕ ಇಟ್ಟುಕೊಳ್ಳುವುದು ರೂಢಿ. ಒಂದನೇ ಬರ್ಡ್ 1680ರ ದಶಕದಲ್ಲಿ ಬರೆದದ್ದು ನಮಗೆ ದಕ್ಕಿರುವುದು ಇಂಥ ನಕಲು ಪುಸ್ತಕದ ದೆಸೆಯಿಂದ.

ಅದೇ ಪುಸ್ತಕದಲ್ಲಿ ಬಾರ್ಬಡೋಸಿನ ವರ್ತಕರಿಗೆ ಬರೆದ ಬೇಡಿಕೆಗಳಿವೆ. ಅಲ್ಲಿ ರಮ್, ಸಕ್ಕರೆ, ಕಾಕಂಬಿಯ ಸಾಲಿನಲ್ಲೇ ಆಫ್ರಿಕದ ಗುಲಾಮರೂ ಸರಕಾಗಿ ಬರುತ್ತಾರೆ, ಹೆಸರಿಲ್ಲದೆ. ಮನೆಯ ಮಗುವಿನ ವಿಷಯ ಬಂದಾಗ ಇದೇ ಲೇಖನಿ ಬೇರೆಯಾಗಿಬಿಡುತ್ತದೆ. ಮಗಳು ಉರ್ಸುಲಾಳನ್ನು ಮನೆಯವರು ನಟ್ಟಿ ಎಂದು ಕರೆಯುತ್ತಿದ್ದರು. ನಾಲ್ಕು ವರ್ಷವಾಗುವ ಹೊತ್ತಿಗೆ ಅವಳನ್ನು ಇಂಗ್ಲೆಂಡಿನ ಅಜ್ಜನ ಮನೆಗೆ ಕಳಿಸಿದ ಬರ್ಡ್, ಕರಿಯ ಗುಲಾಮರಿಂದ ತುಂಬಿದ ಮನೆಯಲ್ಲಿ ಮಗು ಒಳ್ಳೆಯದೇನನ್ನೂ ಕಲಿಯಲಾರಳು ಎಂಬ ಕಾರಣ ಕೊಡುತ್ತಾನೆ. ಆ ಮನೆಯನ್ನು ಗುಲಾಮರಿಂದ ತುಂಬಿಸಿದ್ದು ಅವನೇ. ನಟ್ಟಿ ಮುಂದೆ ವರ್ಜೀನಿಯಾಕ್ಕೆ ಮರಳಿ ಇತಿಹಾಸಕಾರ ರಾಬರ್ಟ್ ಬೆವರ್ಲಿಯನ್ನು ಮದುವೆಯಾಗಿ ಹದಿಹರೆಯದಲ್ಲೇ ತೀರಿಕೊಂಡಳು. 1688ರಲ್ಲಿ ವೆಸ್ಟೋವರ್ ಎಸ್ಟೇಟ್ ಕೊಂಡ ಬರ್ಡ್, ವಸಾಹತಿನ ಕಂದಾಯ ವಸೂಲಿಯ ಹುದ್ದೆಯನ್ನೂ ಹಿಡಿದ. 1704ರಲ್ಲಿ ಸಾಯುವಾಗ ಅವನಿಗೆ ಸುಮಾರು 26,000 ಎಕರೆ ಇತ್ತು.

ಪತ್ರಗಳಲ್ಲಿ ಸಾಹಿತ್ಯದ ಸೊಗಸಿರುವುದು ಎರಡನೇ ಬರ್ಡ್‌ನಲ್ಲಿ (1674–1744). ಏಳನೇ ವಯಸ್ಸಿಗೇ ಇಂಗ್ಲೆಂಡಿನ ಫೆಲ್ಸ್ಟೆಡ್ ಶಾಲೆ ಸೇರಿದ ಇವನು ಪೆರಿ ಮತ್ತು ಲೇನ್ ಕಚೇರಿಯಲ್ಲಿ ವ್ಯಾಪಾರ, ಮಿಡ್ಲ್ ಟೆಂಪಲ್‌ನಲ್ಲಿ ಕಾನೂನು ಕಲಿತ. 1696ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಹ್ಯಾನ್ಸ್ ಸ್ಲೋನ್, ಪೀಟರ್ ಕಾಲಿನ್ಸನ್ ಅವರಂಥ ವಿದ್ವಾಂಸರಿಗೆ ಅಮೆರಿಕದ ಗಿಡಮೂಲಿಕೆಗಳ ಬಗ್ಗೆ ಬರೆಯುತ್ತಿದ್ದ. ಜಿನ್ಸೆಂಗ್ ಬೇರಿನ ಮೇಲಂತೂ ಅವನಿಗೆ ಅಪಾರ ನಂಬಿಕೆ.

ರಾಜಕೀಯವಾಗಿ ಅವನ ದೊಡ್ಡ ಕಾಳಗ ಗವರ್ನರ್ ಅಲೆಕ್ಸಾಂಡರ್ ಸ್ಪಾಟ್ಸ್‌ವುಡ್ ಜೊತೆ. ಮೂಲನಿವಾಸಿಗಳೊಡನೆ ವ್ಯಾಪಾರ ಮಾಡುವ ಹಕ್ಕನ್ನು ಒಂದೇ ಕಂಪನಿಗೆ ಕೊಡುವ ಕಾನೂನನ್ನೂ ಹೊಗೆಸೊಪ್ಪಿನ ತಪಾಸಣೆಯ ಕಾನೂನನ್ನೂ ಸ್ಪಾಟ್ಸ್‌ವುಡ್ ಜಾರಿಗೆ ತಂದಿದ್ದ. 1715ರಲ್ಲಿ ಲಂಡನ್ನಿಗೆ ಹೋದ ಬರ್ಡ್ ಅಲ್ಲಿನ ಅಧಿಕಾರಿಗಳ ಬೆನ್ನುಹತ್ತಿದ. 1717ರಲ್ಲಿ ದೊರೆಯ ಸರ್ಕಾರ ಎರಡನ್ನೂ ರದ್ದುಮಾಡಿತು. ವರ್ಜೀನಿಯಾದ ಶಾಸನಸಭೆಯಲ್ಲಿ ಆದದ್ದನ್ನು ಲಂಡನ್ನಿನಲ್ಲಿ ಕೆಡಿಸಬಹುದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮನೆತನದ ಸಾಲದ ಬೇರು ಇರುವುದು ಒಂದು ಒಪ್ಪಂದದಲ್ಲಿ. ಎರಡನೇ ಬರ್ಡ್‌ನ ಮೊದಲ ಹೆಂಡತಿ ಲೂಸಿಯ ತಂದೆ ಡೇನಿಯಲ್ ಪಾರ್ಕ್, ಲೀವರ್ಡ್ ದ್ವೀಪಗಳ ಗವರ್ನರ್ ಆಗಿದ್ದಾಗ 1710ರಲ್ಲಿ ಆಂಟಿಗಾದ ದಂಗೆಯಲ್ಲಿ ಕೊಲೆಯಾದ. ಅವನ ಜಮೀನಿನ ಆಸೆಗೆ ಬರ್ಡ್ 1712ರಲ್ಲಿ ಅವನ ಸಾಲಗಳನ್ನೂ ಹೊತ್ತುಕೊಂಡ. ಅವು ಅಂದಾಜಿಗಿಂತ ಬಹಳ ದೊಡ್ಡವಾಗಿದ್ದವು. ಮುಂದಿನ ಮೂವತ್ತು ವರ್ಷ ಪೆರಿ ಮನೆತನಕ್ಕೆ ಬರೆದ ಪತ್ರಗಳಲ್ಲಿ ಅಸಲು, ಬಡ್ಡಿ, ವಾಯಿದೆ, ಜಮೀನು ಮತ್ತು ಗುಲಾಮರನ್ನು ಮಾರಿ ತೀರಿಸುವ ಮಾತು ಮತ್ತೆ ಮತ್ತೆ ಬರುತ್ತದೆ.

ಈ ಹಿನ್ನೆಲೆಯಲ್ಲಿ ಓದಬೇಕಾದದ್ದು 1726ರ ಜುಲೈ 5ರಂದು ಶ್ರೀಮಂತ ಗೆಳೆಯ ಆರರಿಯ ಅರ್ಲ್‌ಗೆ ಬರೆದ ಪ್ರಸಿದ್ಧ ಪತ್ರ. ಅದರಲ್ಲಿ ಬರ್ಡ್ ತನ್ನನ್ನು ಬೈಬಲಿನ ಹಿರಿಯರಿಗೆ ಹೋಲಿಸಿಕೊಳ್ಳುತ್ತಾನೆ. ದನಕರು, ಕುರಿಮಂದೆ, ಗುಲಾಮ ಗಂಡಸರು ಹೆಂಗಸರು, ಎಲ್ಲ ಕಸುಬಿನವರೂ ತನ್ನಲ್ಲೇ ಇದ್ದಾರೆ. ಜೇಬಿನ ಅರ್ಧ ಕ್ರೌನ್ ನಾಣ್ಯ ತಿಂಗಳುಗಟ್ಟಲೆ ಖರ್ಚಾಗದೆ ಕೂರುತ್ತದೆ. ದೇವರೊಬ್ಬನನ್ನು ಬಿಟ್ಟು ತಾನು ಯಾರ ಹಂಗಿನಲ್ಲೂ ಇಲ್ಲ ಎನ್ನುತ್ತಾನೆ. ವಸಾಹತಿನ ಜಮೀನುದಾರನ ಮನಸ್ಸನ್ನು ತಿಳಿಯಲು ವಿದ್ವಾಂಸರು ಪದೇ ಪದೇ ಎತ್ತಿಕೊಳ್ಳುವ ಪತ್ರವಿದು. ಪೆರಿಯ ಲೆಕ್ಕದ ಪುಸ್ತಕ ಪಕ್ಕದಲ್ಲಿಲ್ಲದಿದ್ದರೆ ಇದನ್ನು ನಂಬಿಬಿಡುವ ಅಪಾಯವಿದೆ.

ಇವನು ಗುಪ್ತಲಿಪಿಯಲ್ಲಿ ದಿನಚರಿಯನ್ನೂ ಬರೆಯುತ್ತಿದ್ದ. ಅದು ಓದುಗರ ಕೈಗೆ ಬಂದದ್ದು 20ನೇ ಶತಮಾನದಲ್ಲಿ. ಮನೆಯ ಗುಲಾಮರಾದ ಯೂಜೀನ್, ಜೆನ್ನಿ, ಅನಾಕಾ ತಿಂದ ಚಾವಟಿ ಏಟುಗಳು ಅದರಲ್ಲಿ ಊಟ, ಪ್ರಾರ್ಥನೆ, ಗ್ರೀಕ್ ಓದಿನ ನಡುವೆಯೇ ದಾಖಲಾಗಿವೆ. ಲಂಡನ್ನಿನ ಗೆಳೆಯರಿಗೆ ಕಳಿಸುವ ಪತ್ರಗಳ ನಯಗಾರಿಕೆಯಲ್ಲಿ ಈ ಹೆಸರುಗಳಿಗೆ ಜಾಗವಿರಲಿಲ್ಲ. 1736ರ ಜುಲೈ 12ರಂದು ಎಗ್ಮಂಟ್ ಅರ್ಲ್‌ಗೆ ಬರೆದ ಪತ್ರದಲ್ಲಿ, ಜಾರ್ಜಿಯಾ ವಸಾಹತು ಗುಲಾಮಗಿರಿಯನ್ನೂ ರಮ್ಮನ್ನೂ ನಿಷೇಧಿಸಿದ್ದಕ್ಕೆ ಬರ್ಡ್ ಮೆಚ್ಚುಗೆ ತೋರಿಸುತ್ತಾನೆ. ಗುಲಾಮರ ಸಂಖ್ಯೆ ಬೆಳೆದಂತೆ ಬಿಳಿಯರು ಸೋಮಾರಿಗಳಾಗುತ್ತಾರೆ, ಗುಲಾಮರು ಒಂದು ದಿನ ದಂಗೆಯೇಳಬಹುದು ಎಂಬುದು ಅವನ ಆತಂಕ. ಈ ಪತ್ರವನ್ನು ಗುಲಾಮಗಿರಿಯ ವಿರುದ್ಧದ ದನಿಯೆಂದು ಕೊಂಡಾಡುವುದು ಸರಿಯಲ್ಲ. ಅಲ್ಲಿರುವುದು ಒಡೆಯನ ಭಯ, ಗುಲಾಮರ ಮೇಲಿನ ಕನಿಕರವಲ್ಲ. ಅವನು ತನ್ನ ಗುಲಾಮರನ್ನು ಬಿಡುಗಡೆ ಮಾಡಲಿಲ್ಲ.

ಸಾಲವಿದ್ದರೂ ಭೂಮಿಯ ಹಸಿವು ತಗ್ಗಲಿಲ್ಲ. 1728ರಲ್ಲಿ ವರ್ಜೀನಿಯಾ ಮತ್ತು ಉತ್ತರ ಕ್ಯಾರೊಲಿನಾಗಳ ಗಡಿ ಗುರುತಿಸುವ ತಂಡದಲ್ಲಿ ಹೋದ ಬರ್ಡ್, ದಾರಿಯಲ್ಲಿ ಕಂಡ 20,000 ಎಕರೆ ಫಲವತ್ತಾದ ನೆಲವನ್ನು ಕೊಂಡು ಈಡನ್ ಎಂದು ಕರೆದ. ಮುಂದೆ ಸ್ವಿಸ್ ವಲಸಿಗರನ್ನು ನೆಲೆಗೊಳಿಸುತ್ತೇನೆಂದು ಒಂದು ಲಕ್ಷ ಎಕರೆಗೂ ಮಿಕ್ಕಿ ಪಡೆದ. ವಲಸಿಗರನ್ನು ಸೆಳೆಯಲು 1737ರಲ್ಲಿ ಬರ್ನ್ ನಗರದಲ್ಲಿ ಜರ್ಮನ್ ಪುಸ್ತಕವೊಂದು ಪ್ರಕಟವಾಯಿತು. 1738ರಲ್ಲಿ ಹೊರಟ ವಲಸಿಗರ ಹಡಗು ವರ್ಜೀನಿಯಾದ ಕರಾವಳಿಯ ಬಳಿ ಒಡೆದು ಬಹುಮಂದಿ ಸತ್ತರು. ಯೋಜನೆ ಅಲ್ಲಿಗೆ ಕುಸಿಯಿತು. 1737ರಲ್ಲೇ ಅವನು ಜೇಮ್ಸ್ ನದಿಯ ಜಲಪಾತದ ಬಳಿ ರಿಚ್ಮಂಡ್ ಪಟ್ಟಣದ ನಿವೇಶನಗಳನ್ನು ಅಳೆಸಿ ಮಾರಾಟಕ್ಕಿಟ್ಟಿದ್ದ. ಸಾಯುವಾಗ ಅವನ ಬಳಿ ಸುಮಾರು 1,79,000 ಎಕರೆ ಜಮೀನು, 3,500ರಷ್ಟು ಪುಸ್ತಕಗಳಿದ್ದವು.

ಮೂರನೇ ಬರ್ಡ್ (1728–1777) ಜೂಜುಗಾರ, ಸೈನಿಕ. ಫ್ರೆಂಚರ ವಿರುದ್ಧದ ಯುದ್ಧದಲ್ಲಿ ವರ್ಜೀನಿಯಾದ ಎರಡನೇ ರೆಜಿಮೆಂಟಿನ ದಳಪತಿಯಾಗಿದ್ದ. ಅವನ ಕಾಲದ ಪತ್ರಗಳಲ್ಲಿ ಹೊಗೆಸೊಪ್ಪಿಗಿಂತ ದಂಡಿನ ಸುದ್ದಿಯೇ ಹೆಚ್ಚು. 1766ರಲ್ಲಿ ವಸಾಹತಿನ ಖಜಾಂಚಿ ಜಾನ್ ರಾಬಿನ್ಸನ್ ತೀರಿಕೊಂಡಾಗ, ಸುಟ್ಟುಹಾಕಬೇಕಿದ್ದ ಕಾಗದದ ಹಣವನ್ನು ಅವನು ಗೆಳೆಯರಿಗೆ ಸಾಲ ಕೊಟ್ಟಿದ್ದು ಬಯಲಾಯಿತು. ಸಾಲಗಾರರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದವನು ಬರ್ಡ್, ಬಾಕಿ ಸುಮಾರು 15,000 ಪೌಂಡ್. 1768ರಲ್ಲಿ ಜಲಪಾತದ ಬಳಿಯ ಜಮೀನನ್ನೇ ಬಹುಮಾನವಾಗಿಟ್ಟು ಲಾಟರಿ ನಡೆಸಿದ. ಟಿಕೆಟ್ ಕೊಂಡವರಲ್ಲಿ ಜಾರ್ಜ್ ವಾಷಿಂಗ್ಟನ್ ಕೂಡ ಒಬ್ಬ. ಸಾಲ ತೀರಲಿಲ್ಲ.

ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ದಂಗೆಯೆದ್ದಾಗ, 1775ರ ಬೇಸಿಗೆಯಲ್ಲಿ, ಅವನು ಬ್ರಿಟಿಷ್ ಜನರಲ್ ಜೆಫ್ರಿ ಆಮ್ಹರ್ಸ್ಟ್‌ಗೆ ಪತ್ರ ಬರೆದು ದೊರೆಯ ಸೇವೆಗೆ ಸಿದ್ಧನೆಂದು ತಿಳಿಸಿದ. ನವೆಂಬರಿನಲ್ಲಿ ಗವರ್ನರ್ ಡನ್ಮೋರ್, ದಂಗೆಕೋರರ ಗುಲಾಮರು ಬ್ರಿಟಿಷ್ ಪಾಳೆಯ ಸೇರಿದರೆ ಬಿಡುಗಡೆ ಎಂದು ಸಾರಿದ. ಬರ್ಡ್‌ನ ರಾಜಭಕ್ತಿ ಅಲ್ಲಿಗೆ ಅಲುಗಾಡಿತು. ಮಕ್ಕಳೂ ಹಂಚಿಹೋದರು: ಥಾಮಸ್ ಬ್ರಿಟಿಷ್ ಸೇನೆಯಲ್ಲಿ ಉಳಿದ, ಆಟ್ವೇ ಬ್ರಿಟಿಷ್ ನೌಕಾಪಡೆ ಬಿಟ್ಟು ಅಮೆರಿಕನ್ನರ ಕಡೆ ಸೇರಿದ. 1777ರ ಜನವರಿಯಲ್ಲಿ ತಂದೆ ಗುಂಡು ಹಾರಿಸಿಕೊಂಡು ಸತ್ತ. ಅಜ್ಜನ ಕಾಲದಿಂದ ಕೂಡಿಟ್ಟ ಪುಸ್ತಕಗಳು ಐಸಾಕ್ ಝೇನ್ ಎಂಬವನಿಗೆ ಮಾರಾಟವಾದವು.

ಪ್ರಕಟಿತ ಸಂಪುಟಗಳು 1776ಕ್ಕೆ ನಿಂತರೂ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ವಿಧವೆ ಮೇರಿ ವಿಲ್ಲಿಂಗ್ ಬರ್ಡ್ ಸಾಲ ಕೊಟ್ಟವರನ್ನು ಎದುರಿಸುತ್ತಾ ವೆಸ್ಟೋವರನ್ನು ಉಳಿಸಿಕೊಂಡಳು. 1781ರ ಜನವರಿಯಲ್ಲಿ ಅಮೆರಿಕನ್ನರ ಪಕ್ಷ ತೊರೆದು ಬ್ರಿಟಿಷರ ಕಡೆ ಸೇರಿದ್ದ ಬೆನೆಡಿಕ್ಟ್ ಅರ್ನಾಲ್ಡ್ ವೆಸ್ಟೋವರಿನಲ್ಲೇ ಸೇನೆ ಇಳಿಸಿದ. ಅರ್ನಾಲ್ಡನ ಹೆಂಡತಿಯು ಮೇರಿಗೆ ಸೋದರ ಸಂಬಂಧಿ. ಆ ಸೇನೆಯೊಡನೆ 49 ಗುಲಾಮರು ಹೋದರೆಂದು ಅವಳು ಗವರ್ನರ್ ಥಾಮಸ್ ಜೆಫರ್ಸನ್‌ಗೆ ಬರೆದಳು. ನಷ್ಟ ತುಂಬಿಸಿಕೊಳ್ಳಲು ಬ್ರಿಟಿಷ್ ಅಧಿಕಾರಿಯೊಬ್ಬನ ಮೂಲಕ ನಡೆಸಿದ ವ್ಯವಹಾರ ಬಯಲಾಗಿ, ಶತ್ರುವಿನೊಡನೆ ವ್ಯಾಪಾರ ಮಾಡಿದ ಆರೋಪ ಅವಳ ಮೇಲೆ ಬಂತು. ಮಾವ, ಮಾವನ ತಂದೆ ಜೀವಮಾನವಿಡೀ ಬ್ರಿಟಿಷರೊಡನೆ ನಡೆಸಿದ್ದ ಪತ್ರ ಮತ್ತು ಸರಕಿನ ವಿನಿಮಯ ಅವಳ ಕಾಲಕ್ಕೆ ದೇಶದ್ರೋಹವಾಗಿತ್ತು. ವಿಚಾರಣೆ ಕೊನೆಗೂ ನಡೆಯಲಿಲ್ಲ. 1814ರಲ್ಲಿ ಅವಳು ತೀರಿಕೊಂಡ ಮೇಲೆ ವೆಸ್ಟೋವರ್ ಬರ್ಡ್ ಕುಟುಂಬದ ಕೈಬಿಟ್ಟುಹೋಯಿತು.